ಘುಗ್ಗಿಯ ಬಾಣಂತನ

ಶಿಮ್ಲಾ
೯ ನವೆಂಬರ್ ೨೦೨೧

ಅವ್ವಗೆ ದಾನೇಶ್ವರಿಯ ಶರಣು.

ನೀನು ನನ್ನೊಡನೆ ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಫೋನು ಮಾಡಿದರೆ ತಮ್ಮ ಗುರುಬಸವ ಎತ್ತುತ್ತಾನೆ. ಹಿಂದೆ ನೀನು ಕೆಮ್ಮುವುದು ಕೇಳುತ್ತದೆ, ಅಷ್ಟೆ. ಋಷಭ್‌ನನ್ನು ಮದುವೆಯಾದರೆ ಬಾಯಿ ತೆರೆದು ಮಾತಾಡುವುದಿಲ್ಲ ಎಂದು ನೀನು ಮಠದ ಸ್ವಾಮಿಗಳ ಎದುರು ಆಣೆ ಮಾಡಿದ್ದೆ. ಆಣೆಯಲ್ಲಿ ಕಾಗದದ ಮಾತು ಇರಲಿಲ್ಲ ಎಂದು ತಮ್ಮ ಹೇಳಿದ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಒಂದು ಕರಡಿ ಹೈದರಾಬಾದಿನ ನಿಮ್ಮ ಕರಡಿ ಕೇಂದ್ರಕ್ಕೆ ಬರುತ್ತಿದೆ. ಹೆಸರು ಘುಗ್ಗಿ. ಇಲ್ಲಿಯವರು ಬೆಳವಕ್ಕಿಗೆ ಹಾಗೆ ಅನ್ನುತ್ತಾರೆ. ಮರಿಯಾಗಿದ್ದಾಗ ಇವಳು ಅದರ ಹಾಗೇ ಗುಟುರ್ ಗುಟುರ್ ಎನ್ನುತ್ತಿದ್ದಳು. ಸೇಬಿನ ತೋಟದವರು ತಾಯಿಯನ್ನು ಕೊಂದಿದ್ದರು. ಬೆಕ್ಕಿನ ಮರಿಯಷ್ಟಿದ್ದವಳನ್ನು ಒಬ್ಬ ಗಾರ್ಡು ಸ್ವೆಟರಿನಲ್ಲಿ ಸುತ್ತಿ ನಮ್ಮ ಕಾಡುಪ್ರಾಣಿಗಳ ಆಸ್ಪತ್ರೆಗೆ ತಂದ. ಬಾಟಲಿ ಹಾಲು ಹಾಕಿ ಬೆಳೆಸಿದವಳು ನಾನು.

ಯಾಕೆ ಕಳಿಸುತ್ತಿದ್ದೇವೆ ಎಂದರೆ, ಹಿಮಾಲಯದ ಕಪ್ಪು ಕರಡಿ ಬೇರೆ, ಅಸ್ಸಾಮಿನ ಕಡೆಯ ಕಪ್ಪು ಕರಡಿ ಬೇರೆ. ನೋಡುವುದಕ್ಕೆ ಒಂದೇ, ಉಪಜಾತಿ ಬೇರೆ. ಹಿಂದೆ ಮೃಗಾಲಯಗಳಲ್ಲಿ ಎಲ್ಲವನ್ನೂ ಒಂದೇ ಆವರಣಕ್ಕೆ ಬಿಟ್ಟು ತಳಿ ಬೆರೆತುಹೋಗಿದೆ. ಈಗ ರಕ್ತ ಪರೀಕ್ಷೆ ಮಾಡಿಸಿದರೆ ಬೆರಕೆಯಿಲ್ಲದ, ಮರಿ ಹಾಕುವ ವಯಸ್ಸಿನವು ಬೆರಳೆಣಿಕೆಯಷ್ಟು ಉಳಿದಿವೆ. ಹೆಣ್ಣುಗಳಲ್ಲಿ ಘುಗ್ಗಿ ಒಬ್ಬಳು, ಗಂಡುಗಳಲ್ಲಿ ನಿಮ್ಮಲ್ಲಿಯ ರಾಜಾ ಒಬ್ಬ. ಕಾಡಿನಲ್ಲಿ ಇವು ಕಡಿಮೆಯಾಗುತ್ತಿವೆ. ಇವಳಿಗೆ ಮರಿಯಾಗದಿದ್ದರೆ ಇವಳ ರಕ್ತ ಇವಳೊಂದಿಗೇ ಮುಗಿಯುತ್ತದೆ.

ಅಪ್ಪ ಇದ್ದಿದ್ದರೆ ಅವರ ಕೈಗೆ ಒಪ್ಪಿಸುತ್ತಿದ್ದೆ. ಈಗ ಅವರ ಜಾಗದಲ್ಲಿ ಗುರು ಇದ್ದಾನೆ. ನೀನು ನಿವೃತ್ತಿಯಾದ ಮೇಲೂ ಕರಡಿಗಳ ಸಂಜೆಯ ರೊಟ್ಟಿಯನ್ನು ನೀನೇ ತಟ್ಟುತ್ತೀ ಎಂದು ಕೇಳಿದೆ. ಘುಗ್ಗಿಗೆ ರೊಟ್ಟಿ ಗೊತ್ತಿಲ್ಲ. ಕಲಿಸು.

ದಾನೇಶ್ವರಿ


ಹೈದರಾಬಾದ್, ಕರಡಿ ಕೇಂದ್ರದ ಕ್ವಾರ್ಟರ್ಸ್
೬ ಡಿಸೆಂಬರ್ ೨೦೨೧

ಚಿ. ದಾನೇಶ್ವರಿಗೆ,

ನಿನ್ನ ಕರಡಿ ಬಂದು ಮುಟ್ಟಿದೆ. ಲಾರಿಯಿಂದ ಇಳಿಸಿದಾಗ ಬೋನಿನ ಮೂಲೆಯಲ್ಲಿ ಮುದುಡಿ ಕೂತಿತ್ತು. ಎದೆಯ ಮೇಲಿನ ಬಿಳಿ ಪಟ್ಟೆ ಧೂಳಿನಲ್ಲಿ ಕಾಣಿಸುತ್ತಿರಲಿಲ್ಲ. ಈಗ ತೊಳೆದಿದ್ದಾರೆ. ರೊಟ್ಟಿ ಮೂಸಿ ಬಿಟ್ಟಿತು. ಹಸಿವು ಕಲಿಸುತ್ತದೆ.

ಕಾಗದ ಓದಿದೆ. ನಾನು ಮಾನ್ವಿಯಲ್ಲಿ ಮ್ಯಾಟ್ರಿಕ್ ಪಾಸಾದವಳು, ಉಪಜಾತಿ ಎಂದರೇನು ಎಂದು ನನಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಕರಡಿಗೆ ಗಂಡು ಹುಡುಕುವಾಗ ಮೂಲ ನೋಡಿದ್ದೀರಿ, ಮನೆತನ ನೋಡಿದ್ದೀರಿ, ರಕ್ತ ತೆಗೆದು ನೋಡಿದ್ದೀರಿ. ಇಡೀ ದೇಶ ತಿರುಗಿ ಕೊನೆಗೆ ನಮ್ಮ ಬಾಗಿಲಿಗೆ ಬಂದಿದ್ದೀರಿ. ಸಂತೋಷ. ನಿನ್ನ ಸ್ವಂತ ವಿಷಯದಲ್ಲಿ ನಿನಗೆ ಇಷ್ಟು ಪುರುಸೊತ್ತು ಸಿಗಲಿಲ್ಲ.

ನಿಮ್ಮಪ್ಪ ಮೂವತ್ತು ವರ್ಷ ಈ ಕೇಂದ್ರದ ಕರಡಿಗಳನ್ನು ನೋಡಿಕೊಂಡವರು. ಒಂದು ದಿನ ಯಾರಿಂದಲೂ ಒಂದು ಮಾತು ಕೇಳಿಸಿಕೊಂಡವರಲ್ಲ. ಅವರ ನಂತರ ನಾನು ಅಡುಗೆಕೋಣೆಯಲ್ಲಿ ದುಡಿದೆ, ನಾನೂ ಕೇಳಿಸಿಕೊಂಡಿಲ್ಲ. ನಿನ್ನ ಕರಡಿಗೆ ಇಲ್ಲಿ ಏನೂ ಕಡಿಮೆಯಾಗುವುದಿಲ್ಲ.

ನಿನ್ನ ತಾಯಿ
ಶಿವದೇವಿ


ಶಿಮ್ಲಾ
೪ ಜನವರಿ ೨೦೨೨

ಅವ್ವಗೆ ಶರಣು.

ನೀನು ಕಾಗದದ ತುಂಬ ಬೈದರೂ ಕೊನೆಗೆ ಏನೂ ಕಡಿಮೆಯಾಗುವುದಿಲ್ಲ ಎಂದು ಬರೆದಿದ್ದೀ. ನನಗೆ ಅಷ್ಟು ಸಾಕಾಯಿತು.

ಕರಡಿಯ ತಳಿ ಕಾಯುವುದು ಬೇರೆ, ಮನುಷ್ಯರ ಜಾತಿ ಕಾಯುವುದು ಬೇರೆ ಎಂದು ವಾದಿಸಲು ಕೂತಿದ್ದೆ. ಋಷಭ್ ತಡೆದರು. ನಿನ್ನ ಅಮ್ಮ ಕರಡಿಗೆ ರೊಟ್ಟಿ ಹಾಕಿದ್ದಾರೆ, ಮೊದಲು ಅದಕ್ಕೆ ಉತ್ತರ ಬರೆ ಎಂದರು. ನಿನಗೆ ನಮಸ್ಕಾರ ಹೇಳಿದ್ದಾರೆ.

ಘುಗ್ಗಿಗೆ ಎಡಗಡೆಯ ಕಿವಿಯ ಹಿಂದೆ ತುರಿಸಿದರೆ ಇಷ್ಟ. ಈಗ ದೊಡ್ಡವಳಾಗಿದ್ದಾಳೆ, ಕೈ ಹಾಕಬೇಡ. ಸರಳಿನ ಆಚೆಯಿಂದ ಕೋಲಿನಲ್ಲಿ ತುರಿಸಬಹುದು.

ದಾನೇಶ್ವರಿ


ಹೈದರಾಬಾದ್
೧೧ ಜುಲೈ ೨೦೨೨

ಚಿ. ದಾನೇಶ್ವರಿಗೆ,

ಬೇಸಿಗೆ ಕಳೆಯಿತು. ನೀರಿನ ತೊಟ್ಟಿ, ನೆರಳು, ಕೂಲರು ಎಲ್ಲ ಮಾಡಿಸಿದ್ದರಿಂದ ನಿನ್ನ ಘುಗ್ಗಿ ತಡೆದುಕೊಂಡಳು. ಈಗ ಜೋಳದ ರೊಟ್ಟಿಗೆ ಬಾಗಿಲಲ್ಲಿ ಕಾಯುತ್ತಾಳೆ. ಬೇರೆಯವರು ಹಾಕಿದರೆ ಎತ್ತಿಕೊಂಡು ಹಿಂದೆ ಹೋಗುತ್ತಾಳೆ, ನಾನು ಹಾಕಿದರೆ ಎದುರಿಗೇ ಕೂತು ತಿನ್ನುತ್ತಾಳೆ. ಇಲ್ಲಿ ಹುಲಗೇಶ ಎಂಬ ದಿನಗೂಲಿಯವನಿದ್ದಾನೆ, ಲಿಂಗಸುಗೂರಿನ ಕಡೆಯವನು, ಕೋಣೆ ತೊಳೆಯುತ್ತಾನೆ. ಮೊನ್ನೆ ಅವಳನ್ನು ನೋಡಿ, "ಅಮ್ಮಾರ, ಇಕಿ ಶಿಮ್ಲಾ ಮರತಾಳ್ರಿ. ನಮ್ಮ ಲಿಂಗಸುಗೂರಿನ ಸೊಸಿ ಆಗ್ಯಾಳ" ಅಂದ. ನಗಬಾರದೆಂದಿದ್ದೆ, ನಗು ಬಂತು.

ಕಳೆದ ತಿಂಗಳು ರಾಜಾನ ಜೊತೆ ಬಿಟ್ಟರು. ಎರಡು ದಿನ ಜಗಳ, ಮೂರನೆಯ ದಿನ ಕೂಡಿದರು. ಡಾಕ್ಟರು ಒಳ್ಳೆಯದಾಗಿದೆ ಎಂದಿದ್ದಾರೆ.

ಬಂದು ಏಳು ತಿಂಗಳಿಗೆ ಕರಡಿಗೂ ಒಂದು ದಾರಿಯಾಯಿತು. ನಿನ್ನ ಮದುವೆಗೆ ಇದು ಐದನೆಯ ವರ್ಷ. ಏನಾದರೂ ವಿಶೇಷವಿದೆಯೋ ಎಂದು ಗುರುವನ್ನು ಕೇಳಿದೆ. ಅಕ್ಕ ಏನೂ ಹೇಳಿಲ್ಲ ಅಂದ. ಗುಡ್ಡದ ಊರಿನವರ ನೀರು ನಿನಗೆ ಒಗ್ಗಿಲ್ಲವೋ ಅಥವಾ ದೇವರಿಗೇ ಒಗ್ಗಿಲ್ಲವೋ.

ಶಿವದೇವಿ


ಶಿಮ್ಲಾ
೧೮ ನವೆಂಬರ್ ೨೦೨೨

ಅವ್ವಗೆ,

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಉತ್ತರ ಬರೆಯಲಿಲ್ಲ. ಈಗಲೂ ಘುಗ್ಗಿಯ ಸಲುವಾಗಿ ಮಾತ್ರ ಬರೆಯುತ್ತಿದ್ದೇನೆ.

ಕರಡಿ ಬೇಸಿಗೆಯ ಕೊನೆಗೆ ಕೂಡಿದರೂ ಗರ್ಭ ಬೆಳೆಯುವುದಕ್ಕೆ ತೊಡಗುವುದು ಈಗ, ಚಳಿ ಶುರುವಾಗುವಾಗ. ಜನವರಿಯಲ್ಲಿ ಈಯುತ್ತದೆ. ಮರಿ ಒಂದು ಇಲಿಯಷ್ಟು, ಕಣ್ಣು ಮುಚ್ಚಿರುತ್ತದೆ, ಮೈಮೇಲೆ ಕೂದಲು ಇದ್ದೂ ಇಲ್ಲದಂತೆ.

ಡಿಸೆಂಬರಿನಿಂದ ಅವಳನ್ನು ಮರಿ ಹಾಕುವ ಕೋಣೆಯಲ್ಲಿ ಒಬ್ಬಳೇ ಬಿಡುತ್ತಾರೆ. ಕತ್ತಲೆ, ಒಣಹುಲ್ಲು, ನೀರು, ಅಷ್ಟೆ. ಮೈಕಿನಲ್ಲಿ ಕೇಳಬಹುದು, ನೋಡಬಾರದು. ಮರಿಯಾದ ಮೇಲೆ ನಲವತ್ತು ದಿನ ಆ ಕೋಣೆಯ ಮುಂದಿನ ಓಣಿಗೆ ಯಾರೂ ಕಾಲಿಡಬಾರದು. ಅವಳು ಉಣ್ಣದಿದ್ದರೆ ಉಣ್ಣದಿರಲಿ. ನರಳಿದರೆ ನರಳಲಿ. ಸದ್ದು, ಬೆಳಕು, ಹೊಸ ವಾಸನೆ ಯಾವುದೂ ಬೇಡ. ಹೆದರಿದ ಕರಡಿ ತನ್ನ ಮರಿಗಳನ್ನು ತಿಂದುಬಿಡುತ್ತದೆ. ಅದು ಸಿಟ್ಟಲ್ಲ, ಕ್ರೂರತನವಲ್ಲ. ಈ ಜಾಗದಲ್ಲಿ ಇವು ಬದುಕುವುದಿಲ್ಲ ಎಂದು ಅದಕ್ಕೆ ಅನ್ನಿಸುತ್ತದೆ.

ಗುರುವಿಗೂ ಇದನ್ನೇ ಬರೆದಿದ್ದೇನೆ. ನಿನಗೆ ಬೇರೆಯಾಗಿ ಬರೆಯುತ್ತಿರುವುದು, ಅಲ್ಲಿ ನಿನ್ನ ಮಾತು ನಡೆಯುತ್ತದೆ ಎಂದು.

ದಾನೇಶ್ವರಿ


ಹೈದರಾಬಾದ್
೨೦ ಜನವರಿ ೨೦೨೩

ಚಿ. ಸೌ. ದಾನೇಶ್ವರಿಗೆ ಅವ್ವನ ಆಶೀರ್ವಾದ.

ಗುರು ಫೋನಿನಲ್ಲಿ ಹೇಳಿಯೇ ಇರುತ್ತಾನೆ, ಆದರೂ ನಾನು ಹೇಳಬೇಕು. ನಿನ್ನೆ ಬೆಳಿಗ್ಗೆ ಘುಗ್ಗಿ ಹೆತ್ತಳು. ಎರಡು ಮರಿ. ಆಫೀಸಿನಲ್ಲಿ ಮೈಕಿನ ಪೆಟ್ಟಿಗೆ ಇದೆ, ಹುಲಗೇಶ ಬಂದು ಕರೆದ. "ಅಮ್ಮಾರ, ಬರ್ರಿ, ಕೂಸಿನ ದನಿ ಕೇಳ್ರಿ" ಅಂದ. ಡೈರೆಕ್ಟರ್ ಸಾಹೇಬರೇ ಎದ್ದು ಕುರ್ಚಿ ಕೊಟ್ಟರು. ಎರಡು ದನಿ, ಒಂದು ದಪ್ಪ, ಒಂದು ಸಣ್ಣ. ಅವಳು ನೆಕ್ಕುವ ಸದ್ದು. ನಿಮ್ಮಪ್ಪನ ಕಾಲದಲ್ಲಿ ಈ ತಳಿಯ ಮರಿ ಇಲ್ಲಿ ಒಂದೂ ಆಗಿರಲಿಲ್ಲ. ಅವರು ಇರಬೇಕಿತ್ತು.

ಊರೆಲ್ಲ ಗೋಧಿಹುಗ್ಗಿ ಹಂಚಿದೆ ಅಂದುಕೋ. ಕ್ವಾರ್ಟರ್ಸಿನ ಹೆಂಗಸರು ನಮ್ಮ ಮನೆಯಲ್ಲೇ ಕೂಸು ಹುಟ್ಟಿದ ಹಾಗೆ ಬಂದು ಹೋಗುತ್ತಿದ್ದಾರೆ.

ಒಂದೇ ಒಂದು ನನಗೆ ಸರಿ ಕಾಣುವುದಿಲ್ಲ. ಬಾಣಂತಿಯ ಕೋಣೆಯಲ್ಲಿ ಕೆಂಡವಿಲ್ಲ, ಧೂಪವಿಲ್ಲ, ಕಾವಿಲ್ಲ. ಈ ಸಲ ಹೈದರಾಬಾದಿನಲ್ಲಿ ಥಂಡಿ ಜೋರು. ಸಣ್ಣ ದನಿಯ ಮರಿ ಇವತ್ತು ಇನ್ನೂ ಸಣ್ಣಗೆ ಕೂಗುತ್ತಿದೆ ಎಂದು ಹುಲಗೇಶ ಹೇಳುತ್ತಾನೆ. ಹಡೆದವಳಿಗೆ ಯಾರೂ ಇಲ್ಲ. ನೀವು ಓದಿದವರು ಹೀಗೇ ಇರಬೇಕು ಎನ್ನುತ್ತೀರಿ, ಇರಲಿ.

ಸ್ಪೀಡ್ ಪೋಸ್ಟಿನಲ್ಲಿ ಹಾಕಿಸುತ್ತಿದ್ದೇನೆ.

ನಿನ್ನ ಅವ್ವ
ಶಿವದೇವಿ


ಶಿಮ್ಲಾ
೨೩ ಜನವರಿ ೨೦೨೩, ಸಂಜೆ

ಅವ್ವಾ,

ನಿನ್ನ ಕಾಗದ ಈಗ ತಾನೆ ಬಂತು. ಹೊರಗೆ ಹಿಮ ಬೀಳುತ್ತಿದೆ, ನಾನು ಬಾಗಿಲಲ್ಲೇ ನಿಂತು ಓದಿದೆ. ಮದುವೆಯಾದ ಮೇಲೆ ನೀನು ನನಗೆ ಮೊದಲ ಸಲ 'ಸೌ' ಬರೆದಿದ್ದೀ. ಗಡಿಬಿಡಿಯಲ್ಲಿ ಬರೆದೆಯೋ ಏನೋ, ನಾನು ಕೇಳುವುದಿಲ್ಲ.

ಒಂದು ವಿಷಯ ಹೇಳದೆ ಇಟ್ಟುಕೊಂಡಿದ್ದೆ. ಜುಲೈಯಲ್ಲಿ ನೀನು ಆ ಮಾತು ಬರೆದಾಗ ನಾನು ಆಸ್ಪತ್ರೆಯಿಂದ ಮನೆಗೆ ಬಂದು ಒಂದು ವಾರವಾಗಿತ್ತು. ಮೂರು ತಿಂಗಳದ್ದು, ನಿಲ್ಲಲಿಲ್ಲ. ಋಷಭ್ ನಿನ್ನ ಕಾಗದವನ್ನು ತೆಗೆದಿಟ್ಟರು, ನಾನು ಹುಡುಕಿ ಓದಿದೆ. ನಿನಗೆ ಎಂದೂ ಹೇಳಬಾರದೆಂದಿದ್ದೆ. ಇವತ್ತು ಹೇಳಬೇಕು ಅನ್ನಿಸಿತು.

ಥಂಡಿಯ ಚಿಂತೆ ಬಿಡು. ಘುಗ್ಗಿಯ ಕುಲ ಹಿಮದ ಕೆಳಗೆ ಹೆರುವ ಕುಲ. ಹೈದರಾಬಾದಿನ ಚಳಿ ಅವಳಿಗೆ ಬೇಸಿಗೆ. ಅವಳಿಗೆ ಯಾರೂ ಇಲ್ಲದಿರುವುದೇ ಬೇಕು. ನೀನು ಸುಮ್ಮನೆ ಕೂತರೆ ಸಾಕು. ಅದೇ ನಿನಗೆ ಎಲ್ಲಕ್ಕಿಂತ ಕಷ್ಟ ಎಂದು ನನಗೆ ಗೊತ್ತು.

ಮಾರ್ಚಿನಲ್ಲಿ ಮರಿಗಳು ಹೊರಗೆ ಬರುತ್ತವೆ. ರಜೆ ಹಾಕಿ ಬರಲೇ?

ನಿನ್ನ ದಾನಿ


ಹೈದರಾಬಾದ್
೨೭ ಜನವರಿ ೨೦೨೩

ಚಿ. ದಾನೇಶ್ವರಿಗೆ,

ಗುರು ಹೇಳಿದ್ದಾನೆ. ನಾನು ಹೆಚ್ಚು ಬರೆಯುವುದಿಲ್ಲ.

ಇಪ್ಪತ್ನಾಲ್ಕರ ಬೆಳಿಗ್ಗೆ ಮೈಕಿನಲ್ಲಿ ದನಿ ಇರಲಿಲ್ಲ. ಮಧ್ಯಾಹ್ನ ಡಾಕ್ಟರು ಬಾಗಿಲು ತೆಗೆಸಿದರು. ಹುಲ್ಲಿನ ಮೇಲೆ ರಕ್ತವಿತ್ತು, ಮರಿಗಳಿರಲಿಲ್ಲ. ಅವಳು ಗೋಡೆಗೆ ಮುಖ ಮಾಡಿ ಕೂತಿದ್ದಳು.

ಹೆತ್ತವಳೇ ತಿಂದರೆ ಕಾಯುವವರು ಏನು ಮಾಡಬೇಕು. ಬಾಟಲಿ ಹಾಲಿನಲ್ಲಿ ಬೆಳೆದವಳಿಗೆ ತಾಯಿಯಾಗುವುದನ್ನು ಯಾರು ಕಲಿಸಿರುತ್ತಾರೆ. ಡಾಕ್ಟರೂ ಅದನ್ನೇ ಹೇಳಿದರು. ರಿಪೋರ್ಟಿನಲ್ಲಿ ಅದನ್ನೇ ಬರೆದಿದ್ದಾರೆ.

ಇದನ್ನು ಮಡಿಸುವ ಹೊತ್ತಿಗೆ ನಿನ್ನ ಇಪ್ಪತ್ಮೂರರ ಕಾಗದ ಬಂತು. ಓದಿದೆ. ಅದಕ್ಕೆ ಬೇರೆಯಾಗಿ ಬರೆಯುತ್ತೇನೆ.

ಶಿವದೇವಿ


ಶಿಮ್ಲಾ
೬ ಮಾರ್ಚ್ ೨೦೨೩

ಅವ್ವಗೆ,

ಬೇರೆಯಾಗಿ ಬರೆಯುತ್ತೇನೆ ಎಂದಿದ್ದೆ. ಬರೆಯಲಿಲ್ಲ. ಯಾಕೆ ಎಂದು ನಿನ್ನೆ ತಿಳಿಯಿತು.

ಹುಲಗೇಶ ಊರಿನಿಂದ ಫೋನು ಮಾಡಿದ್ದ. ಕೆಲಸ ಬಿಟ್ಟು ಹೋಗಿದ್ದಾನೆ, ನಿನಗೆ ಗೊತ್ತೇ ಇರುತ್ತದೆ. ಮಾತಿಗೆ ಮೊದಲು ಅತ್ತ. ಆಮೇಲೆ ಇಷ್ಟು ಹೇಳಿದ: "ಅಕ್ಕಾರ, ಅಮ್ಮಾರು ಕೆಂಡದ ಶೇಗಡಿ ತಗೊಂಡು ಬಂದ್ರು. ಬಾಗಿಲಾ ತೆಗಿ ಅಂದ್ರು. ಒಲ್ಲೆ ಅನ್ನಾಕ ನನಗ ಬಾಯಿ ಬರಲಿಲ್ರಿ. ಹೊಗಿ ಒಳಗ ಹೋಗೂದಕ್ಕ ಅಕಿ ಗ್ವಾಡಿಗೆ ಹಾಯಾಕ ಹತ್ತಿದಳು." ತನ್ನ ಹೆಸರು ಎಲ್ಲೂ ಹೇಳಬೇಡಿ ಎಂದು ಬೇಡಿಕೊಂಡ. ನನ್ನ ತಮ್ಮನಿಗೂ ಎಲ್ಲ ಗೊತ್ತು, ಅವನೇ ರಾತ್ರಿ ಓಣಿ ತೊಳೆದ ಎಂದೂ ಹೇಳಿದ.

ಕಾಡಿನ ಪ್ರಾಣಿಗೆ ಹೊಗೆ ಎಂದರೆ ಬೆಂಕಿ, ಅವ್ವಾ. ಓಡಲು ಜಾಗವಿಲ್ಲ, ಮರಿಗಳನ್ನು ಒಯ್ಯಲು ಜಾಗವಿಲ್ಲ.

ನಾನು ಕೂಗಾಡುವುದಿಲ್ಲ. ಒಂದು ಕೆಲಸ ಮಾಡು. ಈಗಿರುವ ರಿಪೋರ್ಟಿನಲ್ಲಿ, ಕಾರಣವಿಲ್ಲದೆ ಮರಿಗಳನ್ನು ತಿಂದ ಹೆಣ್ಣು ಎಂದಿದೆ. ಏಪ್ರಿಲ್ ಇಪ್ಪತ್ತಕ್ಕೆ ತಳಿಯ ವಿಷಯ ತೀರ್ಮಾನಿಸುವ ಸಮಿತಿ ಕೂಡುತ್ತದೆ. ಆ ರಿಪೋರ್ಟು ಹಾಗೇ ಹೋದರೆ ಘುಗ್ಗಿ ತಾಯಿಯಾಗಲು ಯೋಗ್ಯಳಲ್ಲ ಎಂದು ಬರೆದು ಅವಳನ್ನು ತಳಿಯ ಪಟ್ಟಿಯಿಂದ ತೆಗೆಯುತ್ತಾರೆ. ಯಾವುದಾದರೂ ಊರಿನಲ್ಲಿ ಜನರಿಗೆ ತೋರಿಸಲು ಒಂಟಿಯಾಗಿ ಇಡುತ್ತಾರೆ, ಸಾಯುವವರೆಗೆ. ಹೊಗೆಯಿಂದ ಹೆದರಿದಳು ಎಂದು ಗೊತ್ತಾದರೆ ಇನ್ನೊಂದು ಸಲ ರಾಜಾನ ಜೊತೆ ಬಿಡುತ್ತಾರೆ. ಹುಲಗೇಶನ ಹೆಸರಾಗಲಿ ನನ್ನ ಹೆಸರಾಗಲಿ ಬೇಡ. ನೀನು ಡೈರೆಕ್ಟರ ಮುಂದೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ಅಷ್ಟೆ.

ದಾನೇಶ್ವರಿ


ಹೈದರಾಬಾದ್
೧೮ ಮಾರ್ಚ್ ೨೦೨೩

ದಾನೇಶ್ವರಿಗೆ,

ಕಸ ಬಳಿಯುವವನ ಮಾತು ಕೇಳಿ ತಾಯಿಯನ್ನು ಕಟಕಟೆಗೆ ಹತ್ತಿಸಿದ್ದೀ. ಒಳ್ಳೆಯದು.

ಹೌದು, ಮಾಡಿದೆ. ಮುಚ್ಚಿಟ್ಟಿಲ್ಲ. ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ. ಡಾಕ್ಟರು ಗುರುವನ್ನು ಕೇಳಿದರು, ಹುಲಗೇಶನನ್ನು ಕೇಳಿದರು, ನನ್ನನ್ನು ಯಾರೂ ಕೇಳಲಿಲ್ಲ. ಮುದುಕಿಯೊಬ್ಬಳು ಅಲ್ಲಿದ್ದಳು ಎಂಬುದೇ ಅವರ ಲೆಕ್ಕಕ್ಕೆ ಬರಲಿಲ್ಲ. ಕೇಳದವರ ಮನೆಗೆ ಹೋಗಿ ಹೇಳಿಬರುವ ರೂಢಿ ನಮ್ಮ ಮನೆತನದಲ್ಲಿಲ್ಲ.

ಐದನೆಯ ದಿನ ಅದು. ಕೂಸಿನ ಹಣೆಬರಹ ಬರೆಯಲು ದೇವಿ ಬರುವ ದಿನ. ಗುರು ಕೊಂಡಾಪುರದಲ್ಲಿ ಅವನ ಹೆಂಡತಿಯ ತವರಿನವರ ಮನೆಗೆ ಹೋಗಿದ್ದ. ದೀಪ ಹಚ್ಚುವ ಹೊತ್ತಿಗೆ ಮೈಕಿನ ಹತ್ತಿರ ಹೋದೆ. ಸಣ್ಣ ಮರಿಯ ದನಿ ನೂಲಿನಷ್ಟಾಗಿತ್ತು. ಮರಿ ಇನ್ನು ಹೋಗುತ್ತದೆ ಎಂದು ನನಗೆ ಗೊತ್ತಾಯಿತು. ಶೇಗಡಿಯಲ್ಲಿ ಕೆಂಡ ಹಾಕಿ, ಬೆಳ್ಳುಳ್ಳಿ ಸಿಪ್ಪೆ, ಅಜವಾನ, ಸುಲ್ತಾನ್ ಬಜಾರಿನಿಂದ ತಂದ ಲೋಬಾನ ಹಾಕಿ ಓಣಿಯಲ್ಲಿಟ್ಟೆ. ಗೂಡಿನೊಳಗೆ ಕಾಲಿಟ್ಟಿಲ್ಲ. ಈ ಕ್ವಾರ್ಟರ್ಸಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧದಷ್ಟು ನನ್ನ ಕೈಯಲ್ಲಿ ಎರೆಸಿಕೊಂಡು ನನ್ನ ಹೊಗೆ ತಗೊಂಡು ಬೆಳೆದವು. ಒಂದೂ ಕೆಟ್ಟಿಲ್ಲ. ನೀನೂ ಆ ಹೊಗೆಯಲ್ಲೇ ಬೆಳೆದವಳು.

ಅವಳಿಗೆ ಇಲ್ಲಿ ತಾಯಿಯಿಲ್ಲ, ಅಕ್ಕತಂಗಿಯರಿಲ್ಲ. ಯಾರಾದರೂ ಮಾಡಬೇಕಿತ್ತು. ಮಾಡಿದೆ. ಹೆದರಿದ್ದು ಅವಳ ತಪ್ಪು.

ಡೈರೆಕ್ಟರ ಮುಂದೆ ಹೋಗಿ ನಿಲ್ಲು ಎನ್ನುತ್ತೀ. ನಿಮ್ಮಪ್ಪನ ಫೋಟೋ ಆ ಆಫೀಸಿನ ಗೋಡೆಯ ಮೇಲಿದೆ. ಅದರ ಕೆಳಗೆ ನಿಂತು ನಾನು ತಪ್ಪಾಯಿತು ಎನ್ನಬೇಕೆ? ನಿನ್ನ ತಮ್ಮನ ನೌಕರಿಯ ಗತಿ ಏನು? ಒಂದು ಕರಡಿಯ ಸಲುವಾಗಿ ಹೆತ್ತ ಮನೆಯನ್ನು ಬೀದಿಗೆ ಹಾಕುತ್ತೀಯಾ?

ಶಿವದೇವಿ


ಶಿಮ್ಲಾ
೨೭ ಮಾರ್ಚ್ ೨೦೨೩

ಅವ್ವಗೆ,

ತಪ್ಪಾಯಿತು ಅನ್ನಬೇಡ. ಹೊಗೆ ಹಾಕಿದೆ ಅಂತ ಮಾತ್ರ ಹೇಳು.

ಮರಿಯ ದನಿ ಸಣ್ಣಗಾಗುವುದು ಹೊಟ್ಟೆ ತುಂಬಿ ಮಲಗುವಾಗ. ಇದನ್ನು ನಿನಗೆ ಮೊದಲೇ ಬರೆದಿರಬೇಕಿತ್ತು. ಬರೆಯಲಿಲ್ಲ.

ಅವಳಿಗೆ ಯಾರೂ ಇಲ್ಲ, ಯಾರಾದರೂ ಮಾಡಬೇಕಿತ್ತು ಎಂದಿದ್ದೀ. ಜುಲೈಯಲ್ಲಿ ನನಗೂ ಯಾರೂ ಇರಲಿಲ್ಲ. ನನ್ನ ಆ ಕಾಗದಕ್ಕೆ ಇವತ್ತಿನವರೆಗೆ ಒಂದು ಸಾಲು ಬಂದಿಲ್ಲ. ಅದು ಬೇಡ ಈಗ, ಬಿಡು. ಘುಗ್ಗಿಗೆ ಇನ್ನೂ ಏನಾದರೂ ಮಾಡಬಹುದು. ಇಪ್ಪತ್ತರ ಒಳಗೆ.

ದಾನೇಶ್ವರಿ


ಹೈದರಾಬಾದ್
೧೯ ಏಪ್ರಿಲ್ ೨೦೨೩

ಚಿ. ದಾನೇಶ್ವರಿಗೆ,

ಇವತ್ತು ಹೋಗಿದ್ದೆ.

ಇಷ್ಟು ದಿನ ಯಾಕೆ ತಡೆದೆ ಎಂದು ಕೇಳಬೇಡ. ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಹೋದೆ. ನಿಮ್ಮಪ್ಪನ ಫೋಟೋದ ಕಡೆ ನೋಡಲಿಲ್ಲ. ಡೈರೆಕ್ಟರ್ ಸಾಹೇಬರು ಕುರ್ಚಿ ಕೊಟ್ಟರು, ಕೂಡಲಿಲ್ಲ. ಅವರು ತೆಲುಗಿನವರು, ನನಗೆ ತೆಲುಗು ಬಾಯಿಗೆ ಬರುತ್ತದೆ. ಬಿಡಿಸಿ ಹೇಳಿದೆ. ಶೇಗಡಿ, ಲೋಬಾನ, ಓಣಿ, ಹೊತ್ತು, ಎಲ್ಲ. ಹುಲಗೇಶನ ಹೆಸರು ಎತ್ತಲಿಲ್ಲ, ಬಾಗಿಲನ್ನು ನಾನೇ ತೆಗೆದೆ ಎಂದೆ. ಬರೆದುಕೊಳ್ಳಿ, ಸಹಿ ಹಾಕುತ್ತೇನೆ ಎಂದೆ.

ಅವರು ಪೆನ್ನು ಕೆಳಗಿಟ್ಟರು. ಬಹಳ ಮೆಲ್ಲಗೆ ಮಾತಾಡಿದರು. ಆ ಕರಡಿಯನ್ನು ನಿಮ್ಮ ಮಗಳು ಸಾಕಿದ್ದು ಎಂದು ನನಗೆ ಗೊತ್ತು, ಅದಕ್ಕೆ ಇನ್ನೊಂದು ಅವಕಾಶ ಸಿಗಲೆಂದು ನೀವು ನಿಮ್ಮ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದೀರಿ, ತಾಯಿಯ ಕರುಳು ನನಗೆ ಅರ್ಥವಾಗುತ್ತದೆ ಎಂದರು. ನನ್ನ ತಾಯಿಯೂ ಹೀಗೇ ಎಂದು ಕಣ್ಣು ಒರೆಸಿಕೊಂಡರು.

ಸಾಹೇಬರೆ, ನನ್ನ ಮಗಳ ಜೊತೆ ನಾನು ಐದು ವರ್ಷದಿಂದ ಮಾತಾಡಿಲ್ಲ, ಅವಳಿಗಾಗಿ ಸುಳ್ಳು ಹೇಳುವಷ್ಟು ಪ್ರೀತಿ ನನ್ನಲ್ಲಿಲ್ಲ ಎಂದೆ. ಅವರು ನಕ್ಕರು. ಗುರುವನ್ನು ಕರೆಸಿದರು.

ಅವನು ಬಂದು ನನ್ನ ಪಕ್ಕದಲ್ಲಿ ನಿಂತ. ಓಣಿಯಲ್ಲಿ ಬೂದಿ ನೋಡಿದೆಯಾ ಎಂದು ಕೇಳಿದರು. ಅವನು ನನ್ನ ಮುಖ ನೋಡಲಿಲ್ಲ. ಅವರಿಗೆ ತೆಲುಗಿನಲ್ಲಿ ಏನೂ ಇರಲಿಲ್ಲ ಎಂದ. ಆಮೇಲೆ ನನ್ನ ಮೊಣಕೈ ಹಿಡಿದು ನಮ್ಮ ಮಾತಿನಲ್ಲಿ, "ನಡಿಯವ್ವ, ಮನಿಗ್ ಹೋಗೂಣು. ನಿನಗ ಈಗೀಗ ಭಾಳ ಮರವು ಆಗಾಕತ್ತೈತಿ" ಅಂದ.

ದಾನೇಶ್ವರಿ, ನಾನು ಹುಟ್ಟಿದ ಮೇಲೆ ನನ್ನ ಮಾತನ್ನು ಯಾರೂ ತೆಗೆದುಹಾಕಿರಲಿಲ್ಲ. ಇವತ್ತು ನಾನು ಹೆತ್ತವನೇ ತೆಗೆದುಹಾಕಿದ. ಕೈ ಕೊಸರಿಕೊಂಡು ನಾನೇ ನಡೆದು ಬಂದೆ.

ಹೋಗುವ ಮೊದಲು ಲಿಂಗಸುಗೂರಿಗೆ ಹುಲಗೇಶನಿಗೂ, ಸಾಕ್ಷಿಗೆ ಬರುತ್ತೀಯಾ ಎಂದು ಹೇಳಿಕಳಿಸಿದ್ದೆ. ತಾನು ಏನೂ ನೋಡಿಲ್ಲ, ತನಗೆ ಏನೂ ಗೊತ್ತಿಲ್ಲ ಎಂದು ಹೇಳಿಕಳಿಸಿದ್ದಾನೆ. ಅವನ ಹೆದರಿಕೆಯನ್ನು ನಾನು ತಪ್ಪೆನ್ನುವುದಿಲ್ಲ.

ನಾಳೆ ಸಮಿತಿ. ನೀನು ಅಲ್ಲಿಂದ ಬರೆದರೆ ಕೇಳುತ್ತಾರೆ. ಅವ್ವ ನನಗೆ ಕಾಗದದಲ್ಲಿ ಒಪ್ಪಿದ್ದಾಳೆ ಎಂದು ಬರೆ. ನನ್ನ ಮಾರ್ಚಿನ ಕಾಗದವನ್ನೇ ಕಳಿಸು. ನನಗೇನೂ ನಾಚಿಕೆಯಿಲ್ಲ.

ಶಿವದೇವಿ


ಶಿಮ್ಲಾ
೨ ಮೇ ೨೦೨೩

ಅವ್ವಗೆ,

ನಿನ್ನ ಕಾಗದ ಇಪ್ಪತ್ತನಾಲ್ಕಕ್ಕೆ ಬಂತು. ಸಮಿತಿ ಇಪ್ಪತ್ತಕ್ಕೆ ಮುಗಿದಿತ್ತು. ಘುಗ್ಗಿಯನ್ನು ಪಟ್ಟಿಯಿಂದ ತೆಗೆದಿದ್ದಾರೆ. ಮೇ ಕೊನೆಗೆ ಬೇರೆ ರಾಜ್ಯದ ಒಂದು ಸಣ್ಣ ಮೃಗಾಲಯಕ್ಕೆ ಕಳಿಸುತ್ತಾರೆ.

ನಿನ್ನ ಮಾರ್ಚಿನ ಕಾಗದವನ್ನು ನಾನು ಆ ತಿಂಗಳೇ ನಮ್ಮ ಸಾಹೇಬರಿಗೆ ತೋರಿಸಿದ್ದೆ. ಮನೆಯವರ ನಡುವಿನ ಕಾಗದ ಸಾಕ್ಷಿಯಾಗುವುದಿಲ್ಲ, ಅದರಲ್ಲೂ ಕರಡಿ ಸಾಕಿದವಳ ತಾಯಿಯದು ಎಂದರು. ನೀನು ಹೋಗಿ ಹೇಳಬೇಕು ಎಂದು ನಾನು ಕಾಲು ಹಿಡಿಯುವಂತೆ ಬರೆದದ್ದು ಅದಕ್ಕೇ.

ಗುರುವಿಗೆ ಫೋನು ಮಾಡಿದೆ. ಅವ್ವ ಆಫೀಸಿಗೆ ಬಂದದ್ದು ನಿಜ, ನಿವೃತ್ತಿಯವರು ಅಡುಗೆಕೋಣೆಗೆ ಬರಬಾರದು ಎಂದಿದ್ದಕ್ಕೆ ಜಗಳವಾಡಿ ಹೋದಳು, ಘುಗ್ಗಿಯ ಮಾತೇ ಬರಲಿಲ್ಲ ಎಂದ. ಮಗನ ಮೇಲೆ ಆಣೆ ಇಟ್ಟ. ಡೈರೆಕ್ಟರು ಫೋನಿನಲ್ಲಿ ನಿಮ್ಮ ತಾಯಿ ಬಹಳ ಒಳ್ಳೆಯವರು ಎಂದಷ್ಟೇ ಹೇಳಿ ಇಟ್ಟರು.

ಮೂರು ತಿಂಗಳು ಬಾಯಿ ಮುಚ್ಚಿಕೊಂಡಿದ್ದವಳು ಸಮಿತಿಯ ಹಿಂದಿನ ದಿನ ಹೋದೆ ಎನ್ನುತ್ತೀ. ಕಾಗದ ನನಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ ಎಂದು ನಿನಗೆ ಗೊತ್ತಿತ್ತು. ನಾನು ಏನೆಂದು ತಿಳಿಯಲಿ?

ನಾನು ಇನ್ನು ಬರೆಯುವುದಿಲ್ಲ.

ದಾನೇಶ್ವರಿ


ಮಲ್ಕಾಜ್‌ಗಿರಿ, ಹೈದರಾಬಾದ್
೨೯ ಮೇ ೨೦೨೩

ಚಿ. ಸೌ. ದಾನೇಶ್ವರಿಗೆ,

ನೀನು ಬರೆಯುವುದಿಲ್ಲ ಎಂದಿದ್ದೀ. ಬೇಡ. ಇದು ಉತ್ತರಕ್ಕೆ ಬರೆದದ್ದಲ್ಲ.

ವಿಳಾಸ ನೋಡಿ ಗೊತ್ತಾಗಿರಬೇಕು, ಕ್ವಾರ್ಟರ್ಸ್ ಬಿಟ್ಟೆ. ಇಲ್ಲಿ ಪಾರ್ವತಿಬಾಯಿಯವರ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ, ಅವರ ಯಜಮಾನರು ರೈಲ್ವೆಯಲ್ಲಿದ್ದವರು. ಸುಳ್ಳು ಆಣೆ ಇಟ್ಟವನ ಮನೆಯ ಅನ್ನ ನನಗೆ ಇಳಿಯಲಿಲ್ಲ. ಅವನು ತಡೆಯಲೂ ಇಲ್ಲ.

ಜುಲೈಯ ನಿನ್ನ ಸಂಗತಿಗೆ ಬರೆಯಲು ಬಹಳ ಸಲ ಕೂತೆ. ನಾನು ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡು ಗೊತ್ತಿಲ್ಲ, ಅದಕ್ಕೆ ಪದ ಸಿಗಲಿಲ್ಲ. ಅಷ್ಟೇ ಕಾರಣ. ಬೇರೇನೂ ಇಲ್ಲ.

ನಿನ್ನೆ ಘುಗ್ಗಿಯನ್ನು ಸಾಗಿಸಿದರು. ನಾನು ಹೋಗಿದ್ದೆ. ಜನವರಿಯಿಂದ ಅವಳ ಮುಂದೆ ಹೋಗಿರಲಿಲ್ಲ. ಗೇಟಿನವನು ಒಳಗೆ ಬಿಟ್ಟ. ಲಾರಿ ನಿಂತಿತ್ತು, ಅವಳನ್ನು ಬೋನಿಗೆ ಹಾಕಿ ಬಾಗಿಲು ಇಳಿಸಿದ್ದರು. ಡೈರೆಕ್ಟರು, ಡಾಕ್ಟರು, ಗುರು, ಇನ್ನೂ ನಾಲ್ಕು ಜನ ಸುತ್ತಲೂ ಇದ್ದರು. ಅವಳು ಸುಮ್ಮನೆ ಕೂತಿದ್ದಳು. ಡಾಕ್ಟರು ಕೊಟ್ಟ ಬಾಳೆಹಣ್ಣು ತಿನ್ನುತ್ತಿದ್ದಳು. ಯಾರು ಹತ್ತಿರ ಹೋದರೂ ತಲೆ ಎತ್ತುತ್ತಿರಲಿಲ್ಲ.

ದಾರಿಗೆಂದು ಎರಡು ರೊಟ್ಟಿ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದೆ. ಇನ್ನೂ ಬೋನು ಮುಟ್ಟಿರಲಿಲ್ಲ. ಗಾಳಿ ನನ್ನ ಕಡೆಯಿಂದ ಅವಳ ಕಡೆಗೆ ಬೀಸುತ್ತಿತ್ತು. ಹಣ್ಣು ಬಾಯಿಂದ ಬಿತ್ತು. ಎದ್ದು ನಿಂತಳು. ಹಲ್ಲು ಕಟಕಟ ಬಡಿದಳು, ಮೂಗಿನಿಂದ ಬುಸುಗುಟ್ಟಿದಳು, ಆಮೇಲೆ ಹಿಂದೆ ಹಿಂದೆ ಸರಿದು ಬೋನಿನ ಕೊನೆಯ ಗೋಡೆಗೆ ಬೆನ್ನು ಹಚ್ಚಿ, ಮುಂಗಾಲುಗಳಿಂದ ಹೊಟ್ಟೆಯ ಕೆಳಗೆ ಹುಲ್ಲು ಬಾಚಿಕೊಳ್ಳತೊಡಗಿದಳು. ಅಲ್ಲಿ ಏನೂ ಇರಲಿಲ್ಲ. ಇದ್ದ ಹಾಗೆ ಬಾಚಿಕೊಂಡಳು.

ಬಿಸಿಲಿಗೆ ಹಾಗೆ ಮಾಡುತ್ತಿದೆ ಎಂದು ಡಾಕ್ಟರು ಹೇಳಿದರು. ಅಮ್ಮ, ನೀವು ನೆರಳಿಗೆ ಬನ್ನಿ ಎಂದು ಡೈರೆಕ್ಟರು ಕರೆದರು. ಗುರು ನೆಲ ನೋಡುತ್ತಿದ್ದ.

ನಾನು ಹಿಂದಕ್ಕೆ ಸರಿದೆ. ಗೇಟಿನ ತನಕ ಸರಿದ ಮೇಲೆ ಅವಳು ಬಾಚುವುದನ್ನು ನಿಲ್ಲಿಸಿದಳು.

ನನ್ನ ಮಾತನ್ನು ನೀವು ಯಾರೂ ನಂಬಲಿಲ್ಲ. ಅವಳು ನಂಬಿದ್ದಾಳೆ.

ನಿನ್ನ ಅವ್ವ
ಶಿವದೇವಿ